ಬಸಿರು ನಿಲ್ಲದಿದ್ದರೆ ಸೊಸೆಯೊಬ್ಬಳೇ ಹೊಣೆಯೇ?

ಮದುವೆಯಾಗಿ ನಾಲ್ಕು ವರ್ಷ, ಮೂರು ಸಲ ಬಸಿರು ಇಳಿದುಹೋಯಿತು. ಆಗ ಮನೆಯವರು ಏನೆನ್ನುತ್ತಾರೆ? ಸೊಸೆಯ ಕಾಲ್ಗುಣ ಸರಿಯಿಲ್ಲ ಎನ್ನುತ್ತಾರೆ. ಹರಕೆ, ತಾಯಿತ ಎಲ್ಲ ಮುಗಿದ ಮೇಲೆ ಮಗನಿಗೆ ಇನ್ನೊಂದು ಹೆಣ್ಣು ನೋಡುವ ಮಾತು ಏಳುತ್ತದೆ. ಕಾನಹೊಸಹಳ್ಳಿಯಿಂದ ಹರಪನಹಳ್ಳಿಯವರೆಗೆ ಈ ಮಾತು ಕೇಳದ ಊರಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ನ್ಯಾಯವಿದು.

ವಿಜ್ಞಾನ ಹೇಳುವುದೇ ಬೇರೆ. ಮನುಷ್ಯನ ಜೀವಕೋಶದಲ್ಲಿ ೪೬ ವರ್ಣತಂತುಗಳಿವೆಯೆಂದು ೧೯೫೬ರಲ್ಲಿಯೇ ಖಚಿತವಾಯಿತು. ಕೆಲವರಲ್ಲಿ ಒಂದರ ತುಂಡು ಇನ್ನೊಂದಕ್ಕೆ ಅಂಟಿಕೊಂಡಿರುತ್ತದೆ. ಸರಕೇನೂ ಕಡಿಮೆಯಾಗಿಲ್ಲ, ಜಾಗ ಮಾತ್ರ ಬದಲಾಗಿದೆ. ಆದುದರಿಂದ ಆ ವ್ಯಕ್ತಿ ಗಟ್ಟಿಮುಟ್ಟಾಗಿಯೇ ಇರುತ್ತಾನೆ. ಮಗುವಿಗೆ ಪಾಲು ಹಂಚುವಾಗ ಲೆಕ್ಕ ತಪ್ಪುತ್ತದೆ: ಒಂದು ಹೆಚ್ಚು, ಒಂದು ಕಡಿಮೆ. ಆಗ ಬಸಿರು ನಿಲ್ಲದು, ಇಲ್ಲವೆ ಮಗು ಕುಂದಿನೊಡನೆ ಹುಟ್ಟೀತು. ಡೌನ್ ಸಿಂಡ್ರೋಮ್ ಮಕ್ಕಳಲ್ಲಿ ನೂರಕ್ಕೆ ಮೂರು ನಾಲ್ಕು ಮಂದಿಗೆ ಕಾರಣ ಇಂಥ ಅಂಟಿಕೆಯೇ. ಎಲ್ಲ ಗರ್ಭಪಾತಕ್ಕೂ ಇದು ಕಾರಣವಲ್ಲ. ಆದರೆ ಮತ್ತೆ ಮತ್ತೆ ಬಸಿರು ಇಳಿಯುವ ದಂಪತಿಗಳಲ್ಲಿ ನೋಡಲೇಬೇಕಾದ ಕಾರಣ.

ಈ ಅಂಟಿಕೆ ಗಂಡನಲ್ಲಿಯೂ ಇರಬಹುದು, ಹೆಂಡತಿಯಲ್ಲಿಯೂ ಇರಬಹುದು. ಯಾರಲ್ಲಿದ್ದರೂ ಅದು ಅವರ ತಪ್ಪಲ್ಲ. ಪಾಪದ ಫಲವಂತೂ ಅಲ್ಲವೇ ಅಲ್ಲ. ತಿಳಿಯಲು ಇಬ್ಬರ ರಕ್ತವನ್ನೂ ಪರೀಕ್ಷಿಸಬೇಕು. ದೋಷ ಗಂಡನದಾಗಿದ್ದರೆ ಎರಡನೆಯ ಹೆಂಡತಿ ಬಂದರೂ ಅದೇ ಕಥೆ!

ಪರೀಕ್ಷೆಯಾದ ಮೇಲೆ ಆನುವಂಶಿಕ ಸಲಹೆಗಾರರು ಮುಂದಿನ ಬಸಿರಿನ ಅಪಾಯವೆಷ್ಟು, ಅಣ್ಣತಮ್ಮ ಅಕ್ಕತಂಗಿಯರೂ ಪರೀಕ್ಷಿಸಿಕೊಳ್ಳಬೇಕೇ ಎಂಬುದನ್ನು ತಿಳಿಸುತ್ತಾರೆ. ತೀರ್ಮಾನ ದಂಪತಿಗಳದೇ. ಅಂಥ ಅನೇಕರಿಗೆ ಆರೋಗ್ಯವಂತ ಮಕ್ಕಳೂ ಆಗಿದ್ದಾರೆ.

ಆದರೆ ಈ ಸಲಹೆ ಯಾರ ಕೈಗೆಟುಕುತ್ತದೆ? ಬೆಂಗಳೂರಿನಲ್ಲಿ ಮಾನವ ತಳಿವಿಜ್ಞಾನ ಕೇಂದ್ರವಿದೆ. ಮಿಲ್ ಕಾರ್ಮಿಕ ಅಲ್ಲಿಗೆ ಹೋಗಬೇಕಾದರೆ ಎರಡು ದಿನದ ಕೂಲಿ ಹೋಗಬೇಕು; ಚಿಲ್ಲರೆ ಅಂಗಡಿಯವನು ಬಾಗಿಲೆಳೆಯಬೇಕು. ೨೦೧೩ರ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಡೌನ್ ಸಿಂಡ್ರೋಮ್ ಇರುವ ಮಗುವನ್ನು ಗುರುತಿಸುತ್ತದೆ. ಮಗುವನ್ನು ಗುರುತಿಸಿ ತಾಯಿತಂದೆಯರಿಗೆ ಕಾರಣ ತಿಳಿಸದಿದ್ದರೆ ಕೆಲಸ ಅರ್ಧಕ್ಕೇ ನಿಂತಂತೆ.

ರೋಗಿ ಬೆಂಗಳೂರಿಗೆ ಹೋಗಬೇಕಾಗಿಲ್ಲ, ರಕ್ತದ ಸೀಸೆ ಹೋದರೆ ಸಾಕು. ತಾಲ್ಲೂಕು ಆಸ್ಪತ್ರೆಯಲ್ಲಿ ರಕ್ತ ತೆಗೆದು, ಹಾಳಾಗುವ ಮುನ್ನ ಪ್ರಯೋಗಾಲಯಕ್ಕೆ ಮುಟ್ಟಿಸಲಿ. ಪರೀಕ್ಷೆಯ ವೆಚ್ಚವನ್ನು ಸರ್ಕಾರ ಹೊರಲಿ. ವಿಜಯನಗರ ಜಿಲ್ಲಾ ಕೇಂದ್ರಕ್ಕೆ ತಿಂಗಳಿಗೊಮ್ಮೆಯಾದರೂ ಕನ್ನಡ ಬಲ್ಲ ಸಲಹೆಗಾರರು ಬರಲಿ. ಇದು ನಾವು ಬೇಡುವ ದಾನವಲ್ಲ, ದುಡಿಯುವವರ ಹಕ್ಕು.

ಅಲ್ಲಿಯವರೆಗೆ, ಸಂಗಾತಿಗಳೇ, ಮನೆಯ ಸೊಸೆಯನ್ನು ದೂರುವ ಬಾಯಿಗಳನ್ನಾದರೂ ನಾವು ಮುಚ್ಚಿಸೋಣ.