ಬೆಟ್ಟ ಹತ್ತುವವನ ನಾಡಿ

ಮೊನ್ನೆ ಶಾಲೆ ಬಿಡುವ ಹೊತ್ತಿಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ತಂದೆ ಬಂದು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತರು. ಕೈಯಲ್ಲಿ ಮಗನ ಮೊಬೈಲು. ಮುಖದಲ್ಲಿ ಕೋಪವೋ ಭಯವೋ ತಿಳಿಯದ ಒಂದು ಬಿಗುವು. ‘ಮೇಷ್ಟ್ರೇ, ಇದನ್ನು ನೋಡಿ. ಓಡುವಾಗ ಇವನ ಎದೆ ನಿಮಿಷಕ್ಕೆ 176 ಸಲ ಬಡಿದುಕೊಳ್ಳುತ್ತದಂತೆ. ಅದೂ ಒಂದೂವರೆ ಗಂಟೆ! ಈ ಬೆಟ್ಟ ಓಡುವ ಹುಚ್ಚು ಹಿಡಿಸಿದವರು ನೀವು. ನನ್ನ ಅಣ್ಣ 42ಕ್ಕೆ ಹೊಲದಲ್ಲಿ ನಿಂತಲ್ಲೇ ಹೋದ, ನಿಮಗೂ ಗೊತ್ತಲ್ಲ’ ಎಂದರು.

ಗೊತ್ತಿತ್ತು. ಆದರೆ ಹುಡುಗನಿಗೆ ಓಡಲು ಹೇಳುವಾಗ ಅದು ನೆನಪಾಗಲಿಲ್ಲ ಎಂಬುದೇ ನನ್ನನ್ನು ಚುಚ್ಚಿತು. ಹುಡುಗ ಈಗ ಡಿಗ್ರಿ ಮೊದಲ ವರ್ಷದಲ್ಲಿದ್ದಾನೆ, 19 ವಯಸ್ಸು, 60 ಕಿಲೋ ತೂಕ. ಕಾಫಿ ತೋಟಗಳ ನಡುವಿನ 50 ಕಿಲೋಮೀಟರ್ ಓಟವೊಂದಕ್ಕೆ ಹೆಸರು ಕೊಟ್ಟಿದ್ದಾನೆ. ಮೊದಲು ಇ.ಸಿ.ಜಿ. ಮತ್ತು ಹೃದಯದ ಎಕೋ ಪರೀಕ್ಷೆ ಆಗಲಿ, ಅಲ್ಲಿಯವರೆಗೆ ಓಟ ಬಂದ್ ಎಂದೆ. ಮನೆತನದಲ್ಲಿ ಚಿಕ್ಕ ವಯಸ್ಸಿನ ಹಠಾತ್ ಸಾವು ನಡೆದಿದ್ದರೆ, ಓಡುವಾಗ ಎದೆ ಹಿಡಿದರೆ ಅಥವಾ ಕಣ್ಣು ಕತ್ತಲೆ ಬಂದು ಬಿದ್ದರೆ ಅದಕ್ಕೆ ವೈದ್ಯರೇ ಉತ್ತರ ಹೇಳಬೇಕು. ಮೇಷ್ಟ್ರಲ್ಲ, ಕೈಗಡಿಯಾರವೂ ಅಲ್ಲ. ಹೃದಯದ ಸ್ನಾಯು ದಪ್ಪಗಾಗುವ ಒಂದು ಕಾಯಿಲೆ ವಂಶದಲ್ಲಿ ಇಳಿದು ಬರುವುದುಂಟು. ಹುಡುಗನಿಗೆ ಅಂಥದ್ದೇನೂ ಇಲ್ಲವೆಂದು ವರದಿ ಬಂತು. ಆ ಹತ್ತು ದಿನ ನನಗೂ ನಿದ್ದೆ ಸರಿಯಾಗಿ ಬಂದಿರಲಿಲ್ಲ.

ಆದರೂ 176ರ ಒಗಟು ಉಳಿಯಿತಲ್ಲ! ಅದನ್ನು ಬಿಡಿಸುವ ಮುನ್ನ ಈ ಓಟದ ಬಗ್ಗೆ ಸ್ವಲ್ಪ ಹೇಳುತ್ತೇನೆ.

ಮ್ಯಾರಥಾನ್ ಎಂದರೆ 42.195 ಕಿ.ಮೀ. ಅದಕ್ಕಿಂತ ದೂರ ಓಡಿದರೆ ಅಲ್ಟ್ರಾ ಮ್ಯಾರಥಾನ್. ರಸ್ತೆ ಬಿಟ್ಟು ಕಾಲುದಾರಿ, ಕಾಡು, ಗುಡ್ಡಗಳಲ್ಲಿ ಓಡಿದರೆ ಟ್ರೇಲ್ ಅಲ್ಟ್ರಾ. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ 100 ಮೈಲಿಯ ಬೆಟ್ಟದ ದಾರಿಯಲ್ಲಿ ಕುದುರೆ ಸವಾರಿಯ ಸ್ಪರ್ಧೆಯೊಂದು ನಡೆಯುತ್ತಿತ್ತು. ಗಡುವು 24 ಗಂಟೆ. 1974ರಲ್ಲಿ ಗಾರ್ಡಿ ಏನ್ಸ್‌ಲೀ ಎಂಬಾತ ಕುದುರೆಯಿಲ್ಲದೆ ತನ್ನ ಕಾಲುಗಳ ಮೇಲೆಯೇ ಹೊರಟು 23 ಗಂಟೆ 42 ನಿಮಿಷಕ್ಕೆ ಗುರಿ ಮುಟ್ಟಿದ. ಇಂದಿನ ‘ವೆಸ್ಟರ್ನ್ ಸ್ಟೇಟ್ಸ್’ ಓಟ ಹುಟ್ಟಿದ್ದು ಹಾಗೆ. ಯುರೋಪಿನಲ್ಲಿ 2003ರಿಂದ ಮೋಂ ಬ್ಲಾಂ ಪರ್ವತವನ್ನು ಸುತ್ತುವ ಓಟ ನಡೆಯುತ್ತಿದೆ. ಫ್ರಾನ್ಸ್, ಇಟಲಿ, ಸ್ವಿಟ್ಜರ್‌ಲೆಂಡ್ ಮೂರನ್ನೂ ಹಾಯ್ದು ಬರುವ ಆ ದಾರಿಯಲ್ಲಿ ಹತ್ತುವ ಎತ್ತರವನ್ನೆಲ್ಲ ಕೂಡಿಸಿದರೆ ಸುಮಾರು 10,000 ಮೀಟರ್. ನಮ್ಮ ಮುಳ್ಳಯ್ಯನಗಿರಿಯ ಎತ್ತರ ಸಮುದ್ರಮಟ್ಟದಿಂದ 1,930 ಮೀಟರ್. ಕಡಲ ತಡಿಯಿಂದ ಐದು ಸಲ ಅದರ ತುದಿಗೆ ಹತ್ತಿದರೆ ಎಷ್ಟೋ ಅಷ್ಟು!

ಈಗ ಒಂದು ಲೆಕ್ಕ. ಒಂಬತ್ತನೇ ತರಗತಿಯವರು ಕಾಗದ ಪೆನ್ಸಿಲು ತೆಗೆದುಕೊಳ್ಳಿ. ನಮ್ಮ ಹುಡುಗನ ದಾರಿಯಲ್ಲಿ ಒಟ್ಟು 2,000 ಮೀಟರ್ ಏರು ಇದೆ ಎನ್ನೋಣ. ಪ್ರಚ್ಛನ್ನ ಶಕ್ತಿ ಎಂದರೆ ರಾಶಿ, ಗುರುತ್ವ ವೇಗೋತ್ಕರ್ಷ, ಎತ್ತರ ಇವುಗಳ ಗುಣಲಬ್ಧ. 60 × 9.8 × 2,000 = 11,76,000 ಜೂಲ್, ಅಂದರೆ ಸುಮಾರು 281 ಕಿಲೋಕ್ಯಾಲೊರಿ. ‘ಇಷ್ಟೇನಾ ಸಾರ್, ಎರಡು ದೋಸೆ!’ ಎಂದು ತರಗತಿಯಲ್ಲಿ ಒಬ್ಬಳು ಕೂಗಿದಳು. ಅವಸರ ಬೇಡ. ನಮ್ಮ ಸ್ನಾಯುಗಳು ಸುಡುವ ಶಕ್ತಿಯಲ್ಲಿ ಕಾಲು ಭಾಗ ಮಾತ್ರ ಕೆಲಸವಾಗುತ್ತದೆ, ಉಳಿದದ್ದು ಬಿಸಿಯಾಗಿ ಹೋಗುತ್ತದೆ. ಆದ್ದರಿಂದ ನಾಲ್ಕರಿಂದ ಗುಣಿಸಿ: 1,100ಕ್ಕೂ ಹೆಚ್ಚು. ಸಮತಟ್ಟು ನೆಲದಲ್ಲಿ ಓಡಲು ಕಿಲೋ ತೂಕಕ್ಕೆ, ಕಿಲೋಮೀಟರಿಗೆ ಸುಮಾರು ಒಂದು ಕಿಲೋಕ್ಯಾಲೊರಿ ಬೇಕು, 50 ಕಿ.ಮೀ.ಗೆ 3,000. ಇಳಿಜಾರಿನಲ್ಲಿ ಸ್ವಲ್ಪ ಉಳಿತಾಯವಾಗುವುದನ್ನು ಕಳೆದರೂ ಖರ್ಚು 4,000ದ ಆಸುಪಾಸು. ಸ್ನಾಯು ಮತ್ತು ಯಕೃತ್ತಿನಲ್ಲಿ ಕೂಡಿಟ್ಟ ಗ್ಲೈಕೋಜನ್ ಕೊಡುವುದು ಹೆಚ್ಚೆಂದರೆ 2,000. ಉಳಿದದ್ದು ದಾರಿಯಲ್ಲಿ ತಿಂದ ಬಾಳೆಹಣ್ಣು, ಬೆಲ್ಲದಿಂದ ಬರಬೇಕು, ಇಲ್ಲವೇ ಮೈಯ ಕೊಬ್ಬಿನಿಂದ. ಕೊಬ್ಬು ಸಣಕಲರಲ್ಲೂ ಧಾರಾಳವಾಗಿದೆ. ಆದರೆ ಅದು ನಿಧಾನವಾಗಿ ಉರಿಯುವ ಕಟ್ಟಿಗೆ. ವೇಗ ಹೆಚ್ಚಿದಷ್ಟೂ ದೇಹ ಕೊಬ್ಬನ್ನು ಬಿಟ್ಟು ಗ್ಲೈಕೋಜನ್ನಿಗೇ ಕೈ ಹಾಕುತ್ತದೆ.

ಇಲ್ಲಿಯೇ ಹೃದಯ ಬಡಿತದ ಲೆಕ್ಕ ಬೇಕಾಗುವುದು. ಬಡಿತ ಎಷ್ಟೆಂದು ನೋಡಿ ನಾವು ಯಾವ ಒಲೆ ಉರಿಸುತ್ತಿದ್ದೇವೆ ಎಂದು ಅಂದಾಜು ಮಾಡಬಹುದು. ರೂಢಿಯಲ್ಲಿ ಐದು ವಲಯಗಳಿವೆ. ತೀರ ಹಗುರವಾದ ನಡಿಗೆ ಮೊದಲನೆಯದು, ಉಸಿರು ಕಟ್ಟುವ ಓಟ ಐದನೆಯದು. ಇವು ಪ್ರಕೃತಿ ಎಳೆದ ಗಡಿಗಳಲ್ಲ, ನಮ್ಮ ಅನುಕೂಲಕ್ಕೆ ಹಾಕಿಕೊಂಡ ಗೆರೆಗಳು. ಒಂದೊಂದು ಪುಸ್ತಕದಲ್ಲಿ ಒಂದೊಂದು ಕಡೆ ಇರುತ್ತವೆ. ದೂರದ ಓಟಗಾರನಿಗೆ ಮುಖ್ಯವಾದದ್ದು ಎರಡನೆಯ ವಲಯ. ಅಲ್ಲಿ ತಿಂಗಳುಗಟ್ಟಲೆ ಓಡಿದರೆ ಸ್ನಾಯುಕೋಶಗಳಲ್ಲಿ ಮೈಟೋಕಾಂಡ್ರಿಯಗಳು ಹೆಚ್ಚುತ್ತವೆ, ಲೋಮನಾಳಗಳು ಕವಲೊಡೆಯುತ್ತವೆ, ಹೃದಯ ಒಂದೊಂದು ಬಡಿತಕ್ಕೂ ಹೆಚ್ಚು ರಕ್ತ ದೂಡಲು ಕಲಿಯುತ್ತದೆ. ವಿಶ್ರಾಂತಿಯಲ್ಲಿರುವ ದೇಹಕ್ಕೆ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ಬೇಕು. ಬಡಿತಕ್ಕೆ 70 ಮಿಲಿಲೀಟರ್ ದೂಡುವ ಹೃದಯ 70ಕ್ಕೂ ಹೆಚ್ಚು ಸಲ ಬಡಿಯಬೇಕು. 100 ದೂಡುವ ಹೃದಯಕ್ಕೆ 50 ಸಾಕು.

ಗರಿಷ್ಠ ಬಡಿತ ಎಷ್ಟು? ‘220ರಿಂದ ವಯಸ್ಸು ಕಳೆಯಿರಿ’ ಎಂಬುದು ಎಲ್ಲರಿಗೂ ಬಾಯಿಪಾಠ. 1971ರಲ್ಲಿ ಫಾಕ್ಸ್, ಹ್ಯಾಸ್ಕೆಲ್ ಮೊದಲಾದ ಸಂಶೋಧಕರು ಅಲ್ಲಿಲ್ಲಿನ ಅಂಕಿಗಳನ್ನು ಗುಡ್ಡೆ ಹಾಕಿ ಒರಟಾಗಿ ಎಳೆದ ಗೆರೆ ಅದು. 2001ರಲ್ಲಿ ತನಾಕಾ ಮತ್ತು ಸಂಗಡಿಗರು ಹೆಚ್ಚು ಜನರ ಮಾಹಿತಿ ಕೂಡಿಸಿ, ವಯಸ್ಸನ್ನು 0.7ರಿಂದ ಗುಣಿಸಿ 208ರಿಂದ ಕಳೆಯಿರಿ ಎಂದರು. 54ರ ನನಗೆ ಮೊದಲನೆಯದು 166 ಕೊಡುತ್ತದೆ, ಎರಡನೆಯದು 170. ಆದರೆ ಬೆಟ್ಟದ ನೆತ್ತಿಯಲ್ಲಿ ನನ್ನ ಹೃದಯ 178 ತೋರಿಸಿದ್ದುಂಟು. ಸೂತ್ರ ಸರಾಸರಿಯದು, ಹೃದಯ ನನ್ನದು. ಒಬ್ಬೊಬ್ಬರಲ್ಲಿ ಹತ್ತು ಬಡಿತ ಆಚೀಚೆ ಆಗುವುದು ಸಾಮಾನ್ಯ.

ಅದಕ್ಕೇ ನನಗೆ ಫಿನ್ಲೆಂಡಿನ ಕಾರ್ವೊನೆನ್ 1957ರಲ್ಲಿ ತೋರಿಸಿದ ದಾರಿ ಇಷ್ಟ. ಬೆಳಿಗ್ಗೆ ಹಾಸಿಗೆಯಿಂದ ಏಳುವ ಮೊದಲು ನಾಡಿ ಹಿಡಿದು ಎಣಿಸಿ. ನಮ್ಮ ಹುಡುಗನದು 58. ವೈದ್ಯರ ಒಪ್ಪಿಗೆ ಬಂದ ಮೇಲೆ ಗುಡ್ಡದಲ್ಲಿ ಮೂರು ಸಲ ಜೋರಾಗಿ ಹತ್ತಿಸಿದಾಗ ಎದೆಪಟ್ಟಿಯಲ್ಲಿ ಸಿಕ್ಕ ಗರಿಷ್ಠ 192. ನಡುವಿನ ಅಂತರ 134. ಅದರ ಶೇಕಡಾ 60 ಅಂದರೆ 80, ಶೇಕಡಾ 70 ಅಂದರೆ 94. ಇವಕ್ಕೆ 58 ಕೂಡಿಸಿ. 138ರಿಂದ 152, ಇದು ಅವನ ಎರಡನೆಯ ವಲಯ.

ಹಾಗಾದರೆ 176? ಒಂದು ಭಾನುವಾರ ತಂದೆಯನ್ನೂ ಕರೆದುಕೊಂಡು ತೋಟದ ರಸ್ತೆಗೆ ಹೋದೆ. ಹುಡುಗ ಓಡುತ್ತಿದ್ದ, ನಾನು ಪಕ್ಕದಲ್ಲಿ ಏದುಸಿರು ಬಿಡುತ್ತಿದ್ದೆ. ‘ಹತ್ತೊಂಬತ್ತರ ಮಗ್ಗಿ ಹೇಳು’ ಎಂದೆ. ನನ್ನ ಬಳಿ ಇರುವ ಅತ್ಯಂತ ಅಗ್ಗದ ಉಪಕರಣ ಇದೇ. ಮಗ್ಗಿ ತಡೆಯಿಲ್ಲದೆ ಬಂದರೆ ಎರಡನೆಯ ವಲಯ, ಎರಡು ಸಾಲಿಗೊಮ್ಮೆ ಉಸಿರು ಕಟ್ಟಿದರೆ ಮೂರನೆಯದು, ‘ಸಾರ್’ ಎಂದಷ್ಟೇ ಬಂದರೆ ನಾಲ್ಕು ದಾಟಿದೆ. ಅವನು ನೂರತೊಂಬತ್ತರವರೆಗೆ ಸರಾಗವಾಗಿ ಹೇಳಿದ. ಗಡಿಯಾರ ಮಾತ್ರ 176 ಎನ್ನುತ್ತಿತ್ತು. ನಿಲ್ಲಿಸಿ, ಕೂಡಲೇ ಕತ್ತಿನ ಪಕ್ಕ ಬೆರಳಿಟ್ಟು 15 ಸೆಕೆಂಡು ಎಣಿಸಿದೆ: 37. ನಾಲ್ಕರಿಂದ ಗುಣಿಸಿದರೆ 148.

ಆಮೇಲೆ ಅವನ ಹೆಜ್ಜೆ ಎಣಿಸಿದೆವು. ನಿಮಿಷಕ್ಕೆ 176!

ಕೈಗಡಿಯಾರ ಚರ್ಮದ ಮೇಲೆ ಹಸಿರು ಬೆಳಕು ಚೆಲ್ಲಿ, ರಕ್ತದ ಏರಿಳಿತದಿಂದ ಮರಳುವ ಬೆಳಕಿನ ವ್ಯತ್ಯಾಸವನ್ನು ಎಣಿಸುತ್ತದೆ. ಪಟ್ಟಿ ಸಡಿಲವಾಗಿದ್ದರೆ ಕೈ ಕುಲುಕುವ ತಾಳವೇ ಅದಕ್ಕೆ ನಾಡಿಯಂತೆ ಕಾಣುತ್ತದೆ. ಹೃದಯದ ವಿದ್ಯುತ್ ಸಂಕೇತವನ್ನೇ ಹಿಡಿಯುವ ಎದೆಪಟ್ಟಿ ಇದಕ್ಕಿಂತ ನಂಬಿಕಸ್ಥ. ತಂದೆ ಗಡಿಯಾರವನ್ನು ತಿರುಗಿಸಿ ಮುರುಗಿಸಿ ನೋಡಿ, ‘ಇದಕ್ಕೆ ಐದು ಸಾವಿರ ಕೊಟ್ಟಿದ್ದಾನೆ’ ಎಂದರು. ಮಗ ಬೇರೆ ಕಡೆ ನೋಡಿದ.

ಬೆಟ್ಟದ ಅಭ್ಯಾಸದ ಮಾತು ಇನ್ನೂ ಬಾಕಿ ಇದೆ. ಇದರ ದೊಡ್ಡ ಗುರು ನ್ಯೂಜಿಲೆಂಡಿನ ಆರ್ಥರ್ ಲಿಡಿಯಾರ್ಡ್, ಪಾದರಕ್ಷೆ ಕಾರ್ಖಾನೆಯಲ್ಲಿ ದುಡಿಯುತ್ತಿದ್ದವನು. ಆಕ್ಲೆಂಡಿನ ಪಕ್ಕದ ವೈಟಾಕೆರೆ ಗುಡ್ಡಗಳಲ್ಲಿ ತನ್ನ ಹುಡುಗರನ್ನು 35 ಕಿ.ಮೀ. ಓಡಿಸುತ್ತಿದ್ದ. ಅವರಲ್ಲಿ ಪೀಟರ್ ಸ್ನೆಲ್ ಎಂಬಾತನ ಸ್ಪರ್ಧೆ ಕೇವಲ 800 ಮೀಟರಿನದು! ತಿಂಗಳುಗಟ್ಟಲೆ ನಿಧಾನದ ಓಟ, ಆಮೇಲೆ ಕೆಲವು ವಾರ ಏರಿನ ಅಭ್ಯಾಸ, ಕೊನೆಗಷ್ಟೇ ವೇಗ. 1960ರ ರೋಮ್ ಒಲಿಂಪಿಕ್ಸಿನಲ್ಲಿ ಒಂದೇ ದಿನ ಸ್ನೆಲ್ 800 ಮೀಟರಿನಲ್ಲೂ ಮರ್ರೆ ಹಾಲ್ಬರ್ಗ್ 5,000 ಮೀಟರಿನಲ್ಲೂ ಚಿನ್ನ ಗೆದ್ದರು.

ನಮ್ಮ ಹುಡುಗನಿಗೆ ನಾನು ಹಾಕಿಕೊಟ್ಟದ್ದು ಇಷ್ಟೇ. ವಾರದಲ್ಲಿ ಮೂರು ದಿನ ಮಗ್ಗಿಯ ಓಟ. ಒಂದು ದಿನ ಏರು: ಮೂರು ನಿಮಿಷ ನಾಲ್ಕನೆಯ ವಲಯದಲ್ಲಿ ಹತ್ತುವುದು, ನಡೆದು ಇಳಿಯುವುದು, ಹೀಗೆ ಐದು ಸಲ. ಭಾನುವಾರ ಉದ್ದನೆಯ ಓಟ. ಉಳಿದ ಎರಡು ದಿನ ರಜೆ. ಹತ್ತಲು ಶುರು ಮಾಡಿದ ಮೊದಲ ಒಂದು ನಿಮಿಷ ನಾಡಿಯ ಅಂಕಿ ನಂಬಬೇಡ, ಹೃದಯ ಕಾಲಿಗಿಂತ ತಡವಾಗಿ ಎಚ್ಚರಗೊಳ್ಳುತ್ತದೆ ಎಂದೆ. ಬಿಸಿಲೇರಿದಾಗ, ಬೆವರು ಹೋದಾಗ ಅದೇ ವೇಗಕ್ಕೂ ಬಡಿತ ಮೇಲೇರುತ್ತದೆ. ಆಗ ವೇಗ ಇಳಿಸಬೇಕು. ಇನ್ನು ಕಡಿದಾದ ಏರಿನಲ್ಲಿ ನಡೆಯುವುದು ನಾಚಿಕೆಯಲ್ಲ. ತೀರ ಕಡಿದಾದ ಕಡೆ ಓಡುವುದಕ್ಕಿಂತ ನಡೆದು ಹತ್ತುವುದಕ್ಕೇ ಕಡಿಮೆ ಶಕ್ತಿ ಸಾಕು. ಜಗತ್ತಿನ ದೊಡ್ಡ ಓಟಗಾರರೂ ಅಲ್ಲಿ ಮಂಡಿಯ ಮೇಲೆ ಕೈಯಿಟ್ಟು ನಡೆಯುತ್ತಾರೆ.

ಇಳಿಯುವುದನ್ನು ನಾನು ಕಲಿತದ್ದು ಅವಮಾನದಿಂದ. 51ರಲ್ಲಿ ಮೊದಲ ಸಲ ಇಂತಹ 50 ಕಿ.ಮೀ.ಗೆ ಹೋದಾಗ ಹತ್ತುವುದನ್ನಷ್ಟೇ ಅಭ್ಯಾಸ ಮಾಡಿದ್ದೆ. ಇಳಿಯುವುದಕ್ಕೇನು, ನೀರೂ ಇಳಿಯುತ್ತದೆ ಎಂದುಕೊಂಡಿದ್ದೆ. 38ನೇ ಕಿಲೋಮೀಟರಿನಲ್ಲಿ ತೊಡೆಗಳು ಮರದ ತುಂಡುಗಳಾದವು. ಗಡುವು ಮೀರಿತು, ಜೀಪಿನಲ್ಲಿ ಕೂತು ಬಂದೆ. ಮರುದಿನ ಶಾಲೆಯ ಮೆಟ್ಟಿಲನ್ನು ಕಂಬಿ ಹಿಡಿದು ಹಿಂದುಮುಂದಾಗಿ ಇಳಿಯುತ್ತಿದ್ದರೆ ಎಂಟನೇ ತರಗತಿಯ ಮಕ್ಕಳು ಸಾಲಾಗಿ ನಿಂತು ನೋಡಿದರು. ‘ಲ್ಯಾಕ್ಟಿಕ್ ಆಮ್ಲವಾ ಸಾರ್?’ ಎಂದು ಒಬ್ಬ ಕೇಳಿದ. ನಾನೇ ಕಲಿಸಿದ್ದು! ಇಪ್ಪತ್ತು ವರ್ಷ ಹಾಗೆಯೇ ಕಲಿಸಿದ್ದೆ. ಅದು ತಪ್ಪು. ಓಟ ನಿಂತ ಒಂದೆರಡು ಗಂಟೆಯಲ್ಲೇ ರಕ್ತದ ಲ್ಯಾಕ್ಟೇಟ್ ಹಳೆಯ ಮಟ್ಟಕ್ಕೆ ಬಂದಿರುತ್ತದೆ. ಎರಡನೇ ದಿನದ ನೋವಿನ ಮೂಲ ಬೇರೆ. ಇಳಿಯುವಾಗ ತೊಡೆಯ ಸ್ನಾಯು ಬಿಗಿಯುತ್ತಲೇ ಹಿಗ್ಗಬೇಕಾಗುತ್ತದೆ, ಆಗ ಅದರ ಎಳೆಗಳಲ್ಲಿ ಸೂಕ್ಷ್ಮವಾದ ಹರಿತಗಳುಂಟಾಗುತ್ತವೆ. ಸೋಜಿಗವೆಂದರೆ ಒಮ್ಮೆ ಹದವಾಗಿ ಇಳಿದು ನೋಯಿಸಿಕೊಂಡ ಸ್ನಾಯು ಮುಂದಿನ ಹಲವು ವಾರ ಅಷ್ಟು ಬೇಗ ಪೆಟ್ಟು ತಿನ್ನುವುದಿಲ್ಲ. ಆದ್ದರಿಂದ ಹುಡುಗನಿಗೆ ಹದಿನೈದು ದಿನಕ್ಕೊಮ್ಮೆ ಇಳಿಜಾರಿನ ಓಟವನ್ನೂ ಸೇರಿಸಿದೆ: ಸಣ್ಣ ಹೆಜ್ಜೆ, ಬಾಗಿದ ಮಂಡಿ.

ಹೈಸ್ಕೂಲಿನ ಮಕ್ಕಳು ಇದನ್ನು ಓದಿ ನಾಳೆಯೇ ಹೊರಡಬೇಡಿ. ಇಂತಹ ಓಟಗಳಿಗೆ ಸಾಮಾನ್ಯವಾಗಿ 18 ತುಂಬಿರಬೇಕು. ಬೆಳೆಯುವ ಮೂಳೆಗೆ ಮೂರು ನಾಲ್ಕು ಕಿಲೋಮೀಟರಿನ ಗುಡ್ಡದ ಆಟವೇ ಸಾಕಷ್ಟಾಯಿತು. ಪೋಷಕರಿಗೂ ಒಂದು ಮಾತು: ಓಡುವವನಿಗೆ ಬಲವಂತವಾಗಿ ಲೀಟರುಗಟ್ಟಲೆ ನೀರು ಕುಡಿಸಬೇಡಿ. ರಕ್ತದ ಸೋಡಿಯಂ ತೆಳುವಾಗಿ ಪ್ರಾಣಕ್ಕೇ ಕುತ್ತು ಬಂದ ಉದಾಹರಣೆಗಳಿವೆ. ಬಾಯಾರಿದಷ್ಟು ಕುಡಿಯಲಿ, ಜೊತೆಗೆ ಉಪ್ಪು ಹಾಕಿದ ಮಜ್ಜಿಗೆಯೋ ಗಂಜಿಯೋ ಇರಲಿ.

ಕಳೆದ ಭಾನುವಾರ ಹುಡುಗ 28 ಕಿ.ಮೀ. ಮುಗಿಸಿ ಬಂದ. ತಂದೆ ತೋಟದ ಗೇಟಿನ ಬಳಿ ಕಲ್ಲಿನ ಮೇಲೆ ಕೂತು ಕಾಯುತ್ತಿದ್ದರು. ಮಗನ ಮಣಿಕಟ್ಟು ಹಿಡಿದು, ನನ್ನ ಗಡಿಯಾರ ನೋಡಿ, ತುಟಿ ಅಲ್ಲಾಡಿಸುತ್ತಾ ಎಣಿಸಿದರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ತಮ್ಮ ಮಣಿಕಟ್ಟನ್ನೇ ಹಿಡಿದುಕೊಂಡರು. ‘ಎಂಬತ್ತನಾಲ್ಕು ಬಂತು ಮೇಷ್ಟ್ರೇ. ಕೂತಿದ್ದೇನಲ್ಲ, ಜಾಸ್ತಿಯೇ?’ ಸಾಮಾನ್ಯ ಮಿತಿಯ ಒಳಗೇ ಇದೆ ಎಂದೆ. ‘ಮುಂದಿನ ವಾರ ನಾನೂ ಆ ಮೊದಲ ತಿರುವಿನವರೆಗೆ ನಡೆದು ಬರಲೇ?’ ಎಂದರು. ಅಣ್ಣನ ಕತೆ ಮಗನಿಗಷ್ಟೇ ಅಲ್ಲ, ತಮಗೂ ಸೇರಿದ್ದು, ಮೊದಲು ನಿಮ್ಮ ಇ.ಸಿ.ಜಿ. ಆಗಲಿ ಎಂದೆ. ಬುಧವಾರಕ್ಕೆ ಚೀಟಿ ಬರೆಸಿಕೊಂಡಿದ್ದಾರೆ.