ಒರಳು ಯಾರದು, ಹದ ಯಾರದು?

ಚಕ್ಕುಲಿ ಒರಳನ್ನು ನೋಡಿ ಇನ್ನೊಂದನ್ನು ಮಾಡುವುದು ಸುಲಭ. ಹಿಟ್ಟಿನ ಹದ ಮಾತ್ರ ಅಜ್ಜಿಯದು. ಹ್ಯಾಮ್ ರೇಡಿಯೋದಲ್ಲೂ ಈಗ ಇದೇ ತಕರಾರು.

ಬೆಂಗಳೂರಿನ ಹ್ಯಾಮ್‌ಗಳು ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗ ಹುಡುಕಿ ಬೆಸುಗೆ ಹಾಕುತ್ತಿದ್ದ ಕಾಲದಲ್ಲಿ ಸರ್ಕ್ಯೂಟ್ ತಿಳಿದರೆ ವಿದ್ಯೆ ತಿಳಿದಂತೆ. ಡಿಜಿಟಲ್ ಯುಗದಲ್ಲಿ ವಿದ್ಯೆಯ ಬಹುಪಾಲು ಚಿಪ್‌ನೊಳಗಿನ ಫರ್ಮ್‌ವೇರ್‌ಗೆ ಸೇರಿತು.

ಕೈಸೆಟ್ಟಿನ ಡಿಜಿಟಲ್ ಧ್ವನಿಯನ್ನು ಇಂಟರ್‌ನೆಟ್‌ಗೆ ದಾಟಿಸುವ ‘ಹಾಟ್‌ಸ್ಪಾಟ್’ ಎಂಬ ಪುಟ್ಟ ಬೋರ್ಡನ್ನೇ ನೋಡಿ. ಅದರ ಜೀವಾಳ ‘ಎಂಎಂಡಿವಿಎಂ’ ತಂತ್ರಾಂಶ. ಬ್ರಿಟನ್ನಿನ ಹ್ಯಾಮ್ ಜೊನಾಥನ್ ನೇಯ್ಲರ್ ಅವರ ಕೊಡುಗೆ. ಜಿಪಿಎಲ್ ಪರವಾನಗಿಯಡಿ ಅದನ್ನು ಎಲ್ಲರಿಗೂ ತೆರೆದಿಟ್ಟ ಅವರು, ಹವ್ಯಾಸಕ್ಕೂ ಶಿಕ್ಷಣಕ್ಕೂ ಮಾತ್ರ, ವ್ಯಾಪಾರಕ್ಕೆ ಕೂಡದು ಎಂದೂ ಬರೆದರು. ಆದರೂ ಅಗ್ಗದ ಚೀನೀ ನಕಲು ಬೋರ್ಡುಗಳು ಈ ವಿದ್ಯೆಯನ್ನೇ ತುಂಬಿಕೊಂಡು ಮಾರುಕಟ್ಟೆಗೆ ಬಂದವು. ಜಿಪಿಎಲ್ ಮಾರಾಟವನ್ನು ತಡೆಯುವುದಿಲ್ಲ. ಮೂಲ ಸಂಕೇತವನ್ನು ಮುಚ್ಚಿಡುವುದನ್ನು ತಡೆಯುತ್ತದೆ. ಜಗಳ ಇರುವುದು ಇಲ್ಲೇ.

ನಕಲು ಬೋರ್ಡಿನ ಆವರ್ತಾಂಕ ತುಸು ತಪ್ಪಿದರೆ ಧ್ವನಿ ಒಡೆಯುತ್ತದೆ. ಆಗ ದೂರು ಹೋಗುವುದು ಮಾರಿದವನಿಗಲ್ಲ, ಬಿಡುವಿನಲ್ಲಿ ಪುಕ್ಕಟೆ ದುಡಿದವರಿಗೆ!

ಅಗ್ಗದ ಬೋರ್ಡು ಕೊಂಡ ವಿದ್ಯಾರ್ಥಿ ಕಳ್ಳನಲ್ಲ. ಆದರೆ ಅದರೊಳಗಿನ ವಿದ್ಯೆ ಯಾರದೆಂದು ಅವನು ತಿಳಿದಿರಬೇಕು. ಒಂದು ದೋಷವನ್ನಾದರೂ ಹುಡುಕಿ, ತಿದ್ದಿ, ಮೂಲಕರ್ತರಿಗೆ ಮರಳಿಸಿದರೆ ಋಣ ಸ್ವಲ್ಪ ತೀರೀತು.