ಟೈಗರ್ ಟ್ಯಾಂಕಿನ ಮಾದರಿ

ಟ್ಯಾಂಕು ಎಂದೊಡನೆ ನಮ್ಮವರಿಗೆ ಮಾಳಿಗೆಯ ಮೇಲಿನ ನೀರಿನ ತೊಟ್ಟಿಯೇ ನೆನಪಾಗುವುದು. ತಪ್ಪೇನಿಲ್ಲ. 1915ರಲ್ಲಿ ಆಂಗ್ಲರು ತಮ್ಮ ಹೊಸ ಯುದ್ಧರಥದ ಗುಟ್ಟು ಹೊರಬೀಳದಿರಲೆಂದು ತೊಟ್ಟಿಯ ಹೆಸರನ್ನೇ ಅದಕ್ಕಿಟ್ಟರು.

ಜಪಾನಿನ ಟಮಿಯಾ ಸಂಸ್ಥೆಯು ಜರ್ಮನರ ಟೈಗರ್ ಟ್ಯಾಂಕನ್ನು ಹದಿನಾರನೆಯ ಒಂದು ಪ್ರಮಾಣಕ್ಕೆ ಇಳಿಸಿ, ರೇಡಿಯೋ ಸಂಕೇತದಿಂದ ಚಲಿಸುವ ಮಾದರಿಯಾಗಿ ಹೊರತಂದಿದೆ. ಬಿಡಿಭಾಗಗಳನ್ನು ನಾವೇ ಜೋಡಿಸಬೇಕು. ಮಗನಿಗೆ ಇಂಥದನ್ನು ಕೊಡಿಸಬಹುದೇ ಎಂದು ತಾಯಿಯೋರ್ವರು ಕೇಳಿದ್ದಾರೆ. ಕೊಡಿಸಬಹುದು, ಹಿರಿಯರೊಬ್ಬರು ಜೊತೆಗೆ ಕುಳಿತಿರಲಿ.

ಮೊದಲು ಲೆಕ್ಕ. ಉದ್ದ, ಅಗಲ, ಎತ್ತರಗಳು ತಲಾ 16 ಪಾಲು ಕುಗ್ಗಿದರೆ ತೂಕವು 4096 ಪಾಲು ಕುಗ್ಗಬೇಕು. ಹೀಗೆ 57 ಟನ್ನು ಸುಮಾರು 14 ಕಿಲೋ ಆಗುವುದು. ಮೂಲವು ಉಕ್ಕಿನದು, ಇದು ಬಹುಪಾಲು ಪ್ಲಾಸ್ಟಿಕ್ಕು; ಆದುದರಿಂದ ಇನ್ನೂ ಹಗುರ. ಹುಡುಗನು ಇದನ್ನು ತಾನೇ ಗುಣಿಸಿ ನೋಡಲಿ.

ತಾಳ್ಮೆಯ ಪರೀಕ್ಷೆ ಗಾಲಿಗಳಲ್ಲಿದೆ. ಅವು ಒಂದರೊಳಗೊಂದು ಹೆಣೆದಂತೆ ಸಾಲುಗೊಂಡಿವೆ. ಒಳಸಾಲಿನ ಒಂದು ಗಾಲಿ ಬಿಗಿಯಾಯಿತೆಂದರೆ ಅದನ್ನು ಮುಚ್ಚಿದ ಹೊರಗಾಲಿಗಳನ್ನೂ ಕಳಚಬೇಕು! ರಷ್ಯದ ಚಳಿಗಾಲದಲ್ಲಿ ಇವುಗಳ ನಡುವೆಯೇ ಕೆಸರು ಹೆಪ್ಪುಗಟ್ಟಿ ಸೈನಿಕರನ್ನು ಕಾಡಿತು. ಎರಡು ಪಟ್ಟಿಗಳಿಗೆ ಎರಡು ಮೋಟಾರು. ಎಡದ್ದು ನಿಧಾನಿಸಿದರೆ ಟ್ಯಾಂಕು ಎಡಕ್ಕೆ ತಿರುಗುವುದು.

1943ರಲ್ಲಿ ಟ್ಯುನೀಸಿಯದಲ್ಲಿ ಸೆರೆಸಿಕ್ಕ ನಿಜವಾದ ಟೈಗರ್ ಒಂದು ಇಂಗ್ಲೆಂಡಿನ ಬೋವಿಂಗ್ಟನ್ ಸಂಗ್ರಹಾಲಯದಲ್ಲಿದೆ. ಅದರ ಚಿತ್ರವನ್ನು ಹುಡುಗನಿಗೆ ತೋರಿಸಿರಿ. ಅದರೊಳಗೆ ಐವರು ಕುಳಿತು ಕೊಲ್ಲುತ್ತಿದ್ದರು, ಕೆಲವೊಮ್ಮೆ ಅಲ್ಲಿಯೇ ಸುಟ್ಟು ಸಾಯುತ್ತಿದ್ದರು. ಇದನ್ನೂ ಮುಚ್ಚಿಡದೆ ಹೇಳಿರಿ. ಮಾದರಿಯ ಒಡಲಲ್ಲಿ ಆ ಐವರ ಸ್ಥಳದಲ್ಲಿ ಮೋಟಾರು, ಬ್ಯಾಟರಿಗಳಿವೆ.